ಹೆಗಲ ಮೇಲಿನ ದರ್ಜೆ, ಕೈಯೊಳಗಿನ ಅನುಭವ

ಮನೆಗೆ ಹೊಸ ಸೊಸೆ ಬಂದ ದಿನವೇ ಹಬ್ಬದಡುಗೆ ಪೂರ್ತಿ ಅವಳ ತಲೆಗೆ ಕಟ್ಟುತ್ತೀರಾ? ಇಲ್ಲ ತಾನೇ! ಅವಳು ಚಮಚದಲ್ಲಿ ಅಳೆದು ಉಪ್ಪು ಹಾಕುತ್ತಾಳೆ. ನೀವು ಸಾರಿನ ಘಮದಿಂದಲೇ ಹದ ಹೇಳಬಲ್ಲಿರಿ. ಆಸ್ಪತ್ರೆಯ ನರ್ಸ್‌ಗಳಲ್ಲೂ ಹೀಗೆಯೇ.

ಬೆಂಗಳೂರಿನ ಹಲಸೂರು ದಾಟಿದರೆ, ಹಳೇ ವಿಮಾನ ನಿಲ್ದಾಣದ ರಸ್ತೆಯಲ್ಲಿ ವಾಯುಪಡೆಯ ಕಮಾಂಡ್ ಆಸ್ಪತ್ರೆ ಇದೆ. ಅಲ್ಲಿನ ಸೇನಾ ಶುಶ್ರೂಷಾ ಸೇವೆಯ ಸಿಸ್ಟರ್‌ಗಳ ದರ್ಜೆ ಹೆಗಲ ಮೇಲೇ ಕಾಣುತ್ತದೆ. ಲೆಫ್ಟಿನೆಂಟ್ ಆಗಿ ಸೇರಿದವರು ಕ್ಯಾಪ್ಟನ್, ಮೇಜರ್ ಎಂದು ಮೇಲೇರುತ್ತಾರೆ. ಈ ಸೇವೆಯ ತುತ್ತತುದಿಯ ಹುದ್ದೆ ಮೇಜರ್ ಜನರಲ್.

ಆದರೆ ವರ್ಷ ಕಳೆದ ಮಾತ್ರಕ್ಕೆ ಕೈ ಪಳಗೀತೆ? ಅಮೆರಿಕದ ಪ್ಯಾಟ್ರಿಷಿಯಾ ಬೆನ್ನರ್ 1984ರಲ್ಲಿ ನರ್ಸ್‌ಗಳ ಬೆಳವಣಿಗೆಯನ್ನು ಐದು ಮೆಟ್ಟಿಲುಗಳಾಗಿ ವಿಂಗಡಿಸಿದರು. ಹೊಸಬಳು ನಿಯಮ ನೋಡಿ ನಡೆಯುತ್ತಾಳೆ. ನುರಿತವಳು ರೋಗಿಯ ಮುಖ ನೋಡಿಯೇ 'ಏನೋ ಸರಿಯಿಲ್ಲ' ಎಂದು ಎಚ್ಚೆತ್ತುಕೊಳ್ಳುತ್ತಾಳೆ. ಆದ್ದರಿಂದಲೇ ಪಾಳಿ ಹಾಕುವಾಗ ಹೊಸಬರ ಜೊತೆ ಪಳಗಿದವರೊಬ್ಬರು ಇರಬೇಕು, ರಾತ್ರಿಯಂತೂ ಖಂಡಿತ. ಬರೀ ಹೊಸಬರಿಗೇ ವಾರ್ಡು ಬಿಟ್ಟರೆ ಅಪಾಯ ರೋಗಿಗೆ, ಬೈಗುಳ ಆ ಹುಡುಗಿಗೆ!

ನೀವೇನು ಮಾಡಬಹುದು? ನಿಮ್ಮವರು ಆಸ್ಪತ್ರೆಯಲ್ಲಿದ್ದಾಗ ಉಸಿರು ಜೋರಾಗಿದೆ, ಮಾತು ತಡವರಿಸುತ್ತಿದೆ ಅನ್ನಿಸಿದರೆ ಸಂಕೋಚ ಬೇಡ. ಹತ್ತಿರವಿರುವ ಸಿಸ್ಟರಿಗೆ ತಕ್ಷಣ ತಿಳಿಸಿ. ಸಮಾಧಾನವಾಗದಿದ್ದರೆ, "ಈ ಪಾಳಿಯ ಇನ್‌ಚಾರ್ಜ್ ಸಿಸ್ಟರ್ ಯಾರಮ್ಮಾ?" ಎಂದು ಕೇಳಿ. ಆದರೆ ಹೊಸ ಹುಡುಗಿಯನ್ನು ಗದರಿಸಬೇಡಿ. ನಿಮ್ಮ ಮೊದಲ ಸಾರು ನೆನಪಿದೆಯಲ್ಲ?