ಮನೆಯ ಗಣಕಯಂತ್ರದಲ್ಲಿ ಫೈಲ್ ಎಕ್ಸ್‌ಪ್ಲೋರರ್ ಪದೇ ಪದೇ ಸ್ಥಗಿತಗೊಂಡರೆ: ಮೊದಲು ಲೆಕ್ಕಪತ್ರ, ಅನಂತರ ದುರಸ್ತಿ

ಸಣ್ಣ ವ್ಯಾಪಾರಸ್ಥರು ಹಾಗೂ ಸಣ್ಣ ಉದ್ದಿಮೆದಾರರಲ್ಲಿ ಅನೇಕರಿಗೆ ಮನೆಯ ಗಣಕಯಂತ್ರವೇ ಕಚೇರಿಯೂ ಆಗಿರುತ್ತದೆ. ಹಗಲಿನ ವಹಿವಾಟು ಮುಗಿದ ಮೇಲೆ ಬಿಲ್ಲುಗಳ ನಮೂದು, ಜಿಎಸ್‌ಟಿ ವಿವರಪಟ್ಟಿಯ ಸಿದ್ಧತೆ, ಬ್ಯಾಂಕಿಗೆ ಸಲ್ಲಿಸಬೇಕಾದ ದಾಸ್ತಾನು ಪಟ್ಟಿ ಎಲ್ಲವೂ ಅದರಲ್ಲಿಯೇ ನಡೆಯುತ್ತವೆ. ಮಕ್ಕಳ ಆಟಗಳು, ಮದುವೆಯ ವಿಡಿಯೋಗಳು ಸಹ ಅದರಲ್ಲಿಯೇ ಇರುತ್ತವೆ. ಇಂತಹ ಯಂತ್ರದಲ್ಲಿ ಫೋಲ್ಡರ್ ತೆರೆದೊಡನೆ ಕಿಟಕಿ ತಾನಾಗಿ ಮುಚ್ಚಿಕೊಂಡು, ಪರದೆಯ ಮೇಲಿನ ಚಿಹ್ನೆಗಳೆಲ್ಲ ಕ್ಷಣಕಾಲ ಮಾಯವಾಗತೊಡಗಿದರೆ ಆತಂಕ ಸಹಜ. ಆ ಆತಂಕದಲ್ಲಿ ಹಾರ್ಡ್ ಡಿಸ್ಕನ್ನೇ ಫಾರ್ಮ್ಯಾಟ್ ಮಾಡಿಸುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಈ ದೋಷದ ಸ್ವರೂಪವನ್ನೂ ಪರಿಹಾರದ ಕ್ರಮವನ್ನೂ ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ಸ್ಥಗಿತಗೊಳ್ಳುವುದು ಯಾವುದು?

ಕಡತಗಳನ್ನು ತೋರಿಸುವ, ನಕಲು ಮಾಡುವ, ಸ್ಥಳಾಂತರಿಸುವ ತಂತ್ರಾಂಶವು 1995ರಲ್ಲಿ ವಿಂಡೋಸ್ 95ರೊಡನೆ ‘ವಿಂಡೋಸ್ ಎಕ್ಸ್‌ಪ್ಲೋರರ್’ ಎಂಬ ಹೆಸರಿನಿಂದ ಬಂದಿತು. 2012ರಲ್ಲಿ ವಿಂಡೋಸ್ 8ರಲ್ಲಿ ಅದಕ್ಕೆ ‘ಫೈಲ್ ಎಕ್ಸ್‌ಪ್ಲೋರರ್’ ಎಂದು ಹೆಸರಾಯಿತು. ಪರದೆಯ ಮೇಲಿನ ಚಿಹ್ನೆಗಳನ್ನೂ ಕೆಳಗಿನ ಟಾಸ್ಕ್‌ಬಾರನ್ನೂ ನಡೆಸುವುದು ಇದೇ ಕಾರ್ಯಕ್ರಮವಾದುದರಿಂದ, ಇದು ಕುಸಿದಾಗ ಇಡೀ ಯಂತ್ರವೇ ಕೆಟ್ಟಂತೆ ತೋರುತ್ತದೆ. ಇದನ್ನು ಉಗ್ರಾಣದ ಗುಮಾಸ್ತನಿಗೆ ಹೋಲಿಸಬಹುದು. ಗುಮಾಸ್ತನು ತಲೆಸುತ್ತಿ ಕುಳಿತ ಮಾತ್ರಕ್ಕೆ ಒಳಗಿನ ಸರಕು ನಾಶವಾಗುವುದಿಲ್ಲ. ಆದರೆ ಗುಮಾಸ್ತನ ಅಸ್ವಸ್ಥತೆಗೆ ಉಗ್ರಾಣದ ಛಾವಣಿಯೇ ಸೋರುತ್ತಿರುವುದು ಕಾರಣವಾಗಿದ್ದರೆ, ಎಂದರೆ ಡಿಸ್ಕೇ ಸವೆದಿದ್ದರೆ, ಸರಕಿಗೂ ಅಪಾಯವಿದೆ. ಆದುದರಿಂದ ಕಾರಣ ಹುಡುಕುವ ಮುನ್ನ ಸರಕನ್ನು ಭದ್ರಪಡಿಸತಕ್ಕದ್ದು.

ತಾತ್ಕಾಲಿಕ ಉಪಾಯ

ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ‘ವಿಂಡೋಸ್ ಎಕ್ಸ್‌ಪ್ಲೋರರ್’ ಎಂಬ ಸಾಲನ್ನು ಆರಿಸಿ ‘ರೀಸ್ಟಾರ್ಟ್’ ಒತ್ತಬೇಕು. ತೆರೆದಿರುವ ಲೆಕ್ಕಪತ್ರ ತಂತ್ರಾಂಶಕ್ಕೆ ಇದರಿಂದ ಸಾಮಾನ್ಯವಾಗಿ ಬಾಧೆಯಿಲ್ಲ; ಆದರೂ ಮೊದಲು ಅದರಲ್ಲಿನ ಕೆಲಸವನ್ನು ಉಳಿಸಿ ಮುಚ್ಚುವುದು ಲೇಸು.

ಲೆಕ್ಕಪತ್ರಗಳ ನಕಲು

ಯಂತ್ರವು ತುಸು ಹತೋಟಿಗೆ ಬಂದೊಡನೆ ಮಾಡಬೇಕಾದ ಮೊದಲ ಕೆಲಸವಿದು. ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ ಲೆಕ್ಕದ ಪುಸ್ತಕಗಳನ್ನೂ ದಾಖಲೆಗಳನ್ನೂ ಆಯಾ ಸಾಲಿನ ವಾರ್ಷಿಕ ವಿವರಪಟ್ಟಿ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡತಕ್ಕದ್ದು. 2023–24ನೇ ಸಾಲಿನ ವಾರ್ಷಿಕ ವಿವರಪಟ್ಟಿಗೆ 2024ರ ಡಿಸೆಂಬರ್ 31 ಕೊನೆಯ ದಿನವಾಗಿತ್ತು. ಅಂದರೆ ಆ ಸಾಲಿನ ಲೆಕ್ಕ 2030ರ ಡಿಸೆಂಬರ್ ಅಂತ್ಯದವರೆಗೆ ಇರಬೇಕು. ಕಂಪನಿಯಾಗಿ ನೋಂದಾಯಿಸಿಕೊಂಡವರಿಗೆ 2013ರ ಕಂಪನಿ ಕಾಯ್ದೆಯು ಎಂಟು ಆರ್ಥಿಕ ವರ್ಷಗಳ ಅವಧಿಯನ್ನು ವಿಧಿಸಿದೆ.

ಲೆಕ್ಕಪತ್ರ ತಂತ್ರಾಂಶದಲ್ಲಿಯೇ ಬ್ಯಾಕಪ್ ಸೌಲಭ್ಯವಿದ್ದರೆ ಅದರ ಮೂಲಕ ಹೊರಗಿನ ಡಿಸ್ಕಿಗೆ ನಕಲು ತೆಗೆಯಬೇಕು. ಫೋಲ್ಡರ್ ತೆರೆಯುವುದೇ ಅಸಾಧ್ಯವಾದರೆ, ವಿಂಡೋಸಿನಲ್ಲಿಯೇ ಇರುವ ‘ರೋಬೋಕಾಪಿ’ ಎಂಬ ಆದೇಶವನ್ನು ಕಮಾಂಡ್ ಪ್ರಾಂಪ್ಟ್‌ನಿಂದ ನೀಡಿ, ಎಕ್ಸ್‌ಪ್ಲೋರರಿನ ನೆರವಿಲ್ಲದೆ ಇಡೀ ಫೋಲ್ಡರನ್ನು ನಕಲಿಸಬಹುದು. ಈ ಆದೇಶದ ಪರಿಚಯವಿಲ್ಲದವರು ತಂತ್ರಜ್ಞರಿಂದ ಮಾಡಿಸುವುದು ಕ್ಷೇಮ. ನಕಲನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಿದ ಬಳಿಕವೇ ಅದನ್ನು ನಂಬಬೇಕು.

ಲಕ್ಷಣದಿಂದ ಕಾರಣ

ಎಕ್ಸ್‌ಪ್ಲೋರರ್ ಯಾವಾಗ ಕುಸಿಯುತ್ತದೆಂಬುದನ್ನು ಒಂದೆರಡು ದಿನ ಗಮನಿಸಿ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

1. ಮೌಸಿನ ಬಲಗುಂಡಿ ಒತ್ತಿದಾಗ ಕುಸಿದರೆ, ಬಹುತೇಕ ಹೊರಗಿನ ತಂತ್ರಾಂಶವೊಂದರ ದೋಷವಿರುತ್ತದೆ. ಕಡತ ಕುಗ್ಗಿಸುವ, ಪಿಡಿಎಫ್ ತಯಾರಿಸುವ, ವೈರಸ್ ತಡೆಯುವ ತಂತ್ರಾಂಶಗಳು ಬಲಗುಂಡಿಯ ಪಟ್ಟಿಯಲ್ಲಿ ತಮ್ಮ ಸಾಲನ್ನು ಸೇರಿಸುತ್ತವೆ. ಈ ತುಣುಕುಗಳು ಎಕ್ಸ್‌ಪ್ಲೋರರಿನ ಒಳಗೇ ನಡೆಯುವುದರಿಂದ, ಒಂದು ತಪ್ಪಿದರೆ ಎಕ್ಸ್‌ಪ್ಲೋರರೇ ಬೀಳುತ್ತದೆ. ಇತ್ತೀಚೆಗೆ ಹಾಕಿದ ತಂತ್ರಾಂಶವನ್ನು ಪರಿಷ್ಕರಿಸಿ ಅಥವಾ ತೆಗೆದುಹಾಕಿ ಪರೀಕ್ಷಿಸಬೇಕು. ‘ಶೆಲ್‌ಎಕ್ಸ್‌ವ್ಯೂ’ ಎಂಬ ಉಚಿತ ತಂತ್ರಾಂಶದಿಂದ ಇವನ್ನು ಒಂದೊಂದಾಗಿ ತಡೆಹಿಡಿದೂ ನೋಡಬಹುದು.

2. ಒಂದೇ ಒಂದು ಫೋಲ್ಡರ್ ತೆರೆದಾಗ ಕುಸಿದರೆ, ಅದರಲ್ಲಿನ ಯಾವುದೋ ಚಿತ್ರ ಅಥವಾ ವಿಡಿಯೋದ ಕಿರುಚಿತ್ರ ರಚಿಸುವಾಗ ತೊಡಕಾಗುತ್ತಿರಬಹುದು. ಫೋಲ್ಡರ್ ಆಪ್ಷನ್ಸ್‌ನ ‘ವ್ಯೂ’ ವಿಭಾಗದಲ್ಲಿ ಕಿರುಚಿತ್ರದ ಬದಲು ಸದಾ ಚಿಹ್ನೆಯನ್ನೇ ತೋರಿಸುವ ಆಯ್ಕೆಗೆ ಗುರುತು ಹಾಕಬೇಕು.

3. ಎಕ್ಸ್‌ಪ್ಲೋರರ್ ತೆರೆದ ಕೂಡಲೇ ಮುಚ್ಚಿಕೊಂಡರೆ, ಹಿಂದೆ ತೆರೆದ ಕಡತಗಳ ಪಟ್ಟಿ ಕೆಟ್ಟಿರಬಹುದು. ಕಂಟ್ರೋಲ್ ಪ್ಯಾನೆಲ್ ಮೂಲಕ ಫೈಲ್ ಎಕ್ಸ್‌ಪ್ಲೋರರ್ ಆಪ್ಷನ್ಸ್‌ಗೆ ಹೋಗಿ ಇತಿಹಾಸವನ್ನು ಅಳಿಸಬೇಕು. ಮೊದಲು ‘ದಿಸ್ ಪಿಸಿ’ ತೆರೆಯುವಂತೆಯೂ ಬದಲಿಸಬಹುದು.

4. ಕುಸಿಯದೆ ಬಹುಹೊತ್ತು ನಿಶ್ಚಲವಾದರೆ, ಈಗ ಸಂಪರ್ಕದಲ್ಲಿಲ್ಲದ ನೆಟ್‌ವರ್ಕ್ ಡ್ರೈವನ್ನು ಅದು ಹುಡುಕುತ್ತಿರಬಹುದು, ಇಲ್ಲವೇ ಡಿಸ್ಕ್ ಸವೆಯುತ್ತಿರಬಹುದು. ಹಾರ್ಡ್ ಡಿಸ್ಕಿನಿಂದ ‘ಟಿಕ್ ಟಿಕ್’ ಸದ್ದು ಬಂದರೆ, ನಕಲು ತೆಗೆಯುವ ಮುನ್ನ ಯಾವ ದುರಸ್ತಿ ಆದೇಶವನ್ನೂ ನೀಡಕೂಡದು. ದುರಸ್ತಿಯ ಶ್ರಮವೇ ಅದರ ಕೊನೆಯ ಕೆಲಸವಾದೀತು.

ಯಂತ್ರವೇ ನೀಡುವ ಸಾಕ್ಷ್ಯ

ಊಹೆಗಿಂತ ದಾಖಲೆ ಮೇಲು. ಈವೆಂಟ್ ವ್ಯೂವರ್‌ನಲ್ಲಿ ‘ವಿಂಡೋಸ್ ಲಾಗ್ಸ್’ ಅಡಿಯ ‘ಅಪ್ಲಿಕೇಶನ್’ ವಿಭಾಗವನ್ನು ತೆರೆದರೆ, ಕುಸಿತವು 1000 ಎಂಬ ಸಂಖ್ಯೆಯಡಿಯೂ ನಿಶ್ಚಲತೆಯು 1002ರ ಅಡಿಯೂ ನಮೂದಾಗಿರುತ್ತದೆ. 1000ರ ನಮೂದಿನಲ್ಲಿ ದೋಷಯುಕ್ತ ಮಾಡ್ಯೂಲಿನ ಹೆಸರೂ ಅದಿರುವ ಸ್ಥಳವೂ ಇರುತ್ತವೆ. ಅಲ್ಲಿ ಹೊರಗಿನ ತಂತ್ರಾಂಶದ ಫೋಲ್ಡರ್ ಕಂಡರೆ ಶಂಕೆ ಬಹುಮಟ್ಟಿಗೆ ಖಚಿತವಾಯಿತು. ವಿಂಡೋಸಿನದೇ ಮಾಡ್ಯೂಲ್ ಕಂಡ ಮಾತ್ರಕ್ಕೆ ವಿಂಡೋಸ್ ತಪ್ಪಿತಸ್ಥನೆನ್ನಲಾಗದು. ಬೇರೆಯವರ ದೋಷದಿಂದಲೂ ಅದು ಬಿದ್ದಿರಬಹುದು.

ಮೇಲಿನ ಯಾವ ಕ್ರಮವೂ ಫಲಿಸದಿದ್ದಲ್ಲಿ, ವಿಂಡೋಸಿನ ಮೂಲ ಕಡತಗಳನ್ನು ಪರೀಕ್ಷಿಸಿ ಸರಿಪಡಿಸುವ ‘ಎಸ್‌ಎಫ್‌ಸಿ’ ಮತ್ತು ‘ಡಿಸ್ಮ್’ ಎಂಬ ಸಾಧನಗಳನ್ನು ತಂತ್ರಜ್ಞರಿಂದ ಬಳಸಿಸಬಹುದು. ಹೊಸ ಬಳಕೆದಾರ ಖಾತೆಯೊಂದನ್ನು ತೆರೆದು ನೋಡುವುದೂ ಉಪಯುಕ್ತ. ಅದರಲ್ಲಿ ತೊಂದರೆ ಕಾಣದಿದ್ದರೆ ದೋಷವು ಹಳೆಯ ಖಾತೆಯ ಹೊಂದಿಕೆಗಳಲ್ಲಿದೆ ಎಂದು ತಿಳಿಯಬೇಕು.

ತಂತ್ರಜ್ಞರಿಗೆ ಒಪ್ಪಿಸುವಾಗ

ದೋಷ ಎಂದಿನಿಂದ, ಯಾವ ಕೆಲಸ ಮಾಡುವಾಗ, ಅದಕ್ಕೆ ಮುನ್ನ ಯಾವ ತಂತ್ರಾಂಶ ಹಾಕಲಾಗಿತ್ತು ಎಂಬುದನ್ನು ಚೀಟಿಯಲ್ಲಿ ಬರೆದು ಕೊಡುವುದು ಉತ್ತಮ. ತಮ್ಮ ಒಪ್ಪಿಗೆಯಿಲ್ಲದೆ ಫಾರ್ಮ್ಯಾಟ್ ಮಾಡಕೂಡದೆಂದು ಅದರಲ್ಲಿಯೇ ಬರೆಯುವುದು ಇನ್ನೂ ಉತ್ತಮ.

ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿರುವುದರಿಂದ, ಅದನ್ನೇ ಬಳಸುತ್ತಿರುವವರು ಮುಂದಿನ ವ್ಯವಸ್ಥೆಯನ್ನೂ ಯೋಚಿಸತಕ್ಕದ್ದು. ವ್ಯವಹಾರಕ್ಕೆ ಪ್ರತ್ಯೇಕ ಯಂತ್ರ ಕೊಳ್ಳಲಾಗದವರು ಮಕ್ಕಳಿಗೆ ಆಡಳಿತಾಧಿಕಾರವಿಲ್ಲದ ಬೇರೆ ಖಾತೆಯನ್ನಾದರೂ ತೆರೆದುಕೊಡಲಿ. ವಾರಕ್ಕೊಮ್ಮೆ ಲೆಕ್ಕಪತ್ರಗಳ ನಕಲು ತೆಗೆದು ಆ ಡಿಸ್ಕನ್ನು ಯಂತ್ರದಿಂದ ಬೇರ್ಪಡಿಸಿ, ಸಾಧ್ಯವಾದರೆ ಮನೆಯ ಹೊರಗೆ ಅಂಗಡಿಯಲ್ಲಿಯೋ ಕಾರ್ಖಾನೆಯಲ್ಲಿಯೋ ಇರಿಸಲಿ. ಹೀಗೆ ಮಾಡಿದವರಿಗೆ, ತಿಂಗಳ 20ನೇ ತಾರೀಖಿನ ಹಿಂದಿನ ರಾತ್ರಿ ಎಕ್ಸ್‌ಪ್ಲೋರರ್ ಕೈಕೊಟ್ಟರೂ ನೆರೆಯವರ ಯಂತ್ರದಲ್ಲಿ ಕುಳಿತು ವಿವರಪಟ್ಟಿ ಸಲ್ಲಿಸಲು ಅಡ್ಡಿಯಾಗದು.