ಹಾಡು ಬಂದ್ರೆ ಕೊಲೆಗಾರ ಪಾರು!

ಪತ್ತೇದಾರಿ ಚಿತ್ರದ ನಡುವೆ ಹಾಡು ಬಂತೆಂದರೆ ಕೊಲೆಗಾರನಿಗೆ ಐದು ನಿಮಿಷ ಬಿಡುವು ಕೊಟ್ಟಂತೆ! ಬಸ್ ಸ್ಟ್ಯಾಂಡ್ ಎದುರಿನ ವಾಚ್ ರಿಪೇರಿ ಅಂಗಡಿಯವರ ಖಡಾಖಂಡಿತ ತೀರ್ಪಿದು. ಅದಕ್ಕೇ ಅವರಿಗೆ ಸುನೀಲ್ ಕುಮಾರ್ ದೇಸಾಯಿಯವರ ‘ತರ್ಕ’ (1989) ಅಂದರೆ ಪ್ರಾಣ. ಶಂಕರ್‌ನಾಗ್ ಇದ್ದೂ ಒಂದೇ ಒಂದು ಹಾಡಿಲ್ಲ. ಆ ಕಾಲಕ್ಕೆ ಅದು ಎದೆಗಾರಿಕೆಯೇ ಸರಿ.

ದೂರದರ್ಶನದ ಪತ್ತೇದಾರರಲ್ಲಿ 1985ರ ಕರಮಚಂದ್ ಕ್ಯಾರೆಟ್ ಕಡಿದು ನಗಿಸಿದ, ಅಷ್ಟೇ. 1993ರಲ್ಲಿ ಬಂದ ಬ್ಯೋಮಕೇಶ್ ಬಕ್ಷಿಯ ಗತ್ತೇ ಬೇರೆ. ಪಂಚೆ ಉಟ್ಟ ರಜಿತ್ ಕಪೂರ್ ಗದ್ದಲವಿಲ್ಲದೆ ಕೂತು ಯೋಚಿಸುತ್ತಿದ್ದರು. ‘ಅವನಿಗೆ ಕಂಡಿದ್ದು ನಮಗೂ ಕಾಣ್ಬೇಕು ಸ್ವಾಮಿ. ಕೊನೇಲಿ ಎಲ್ಲಿಂದಲೋ ಅವಳಿ ತಮ್ಮನ್ನ ಎಳ್ಕೊಂಡು ಬಂದ್ರೆ ಅದು ಮೋಸ’ ಎನ್ನುತ್ತಾರೆ. ಗಿರಾಕಿಗಳು ತಲೆದೂಗುತ್ತಾರೆ, ವಾಚು ತಡವಾದ ಸಿಟ್ಟು ಅಷ್ಟರಲ್ಲಿ ಇಳಿದಿರುತ್ತೆ.

ದೊಡ್ಡ ದೂರು ಇನ್ನೊಂದಿದೆ. ಕೊಂದವನು ಯಾರು ಅಂತ ಎಲ್ಲರೂ ಕೇಳ್ತಾರೆ, ಸತ್ತವರ ಹೆಸರು ಯಾರಿಗೂ ನೆನಪಿರೋದಿಲ್ಲ. 2019ರ ‘ಕವಲುದಾರಿ’ ಅವರನ್ನು ಕಾಡಿರುವುದು ಇದಕ್ಕೇ. ಬೆಂಗಳೂರಿನ ಮೆಟ್ರೋ ಕಾಮಗಾರಿಯಲ್ಲಿ ಹಳೇ ಅಸ್ಥಿಪಂಜರಗಳು ಸಿಗುತ್ತವೆ. ತನ್ನ ಕೆಲಸವಲ್ಲದಿದ್ದರೂ ಟ್ರಾಫಿಕ್ ಪೊಲೀಸ್ ಒಬ್ಬ ಬೆನ್ನು ಬೀಳುತ್ತಾನೆ.

ಅಂಗಡಿಯವರ ಚಿಕ್ಕಪ್ಪ ಎಷ್ಟೋ ವರ್ಷದ ಹಿಂದೆ ಸಂತೆಗೆ ಹೋದವರು ಮನೆಗೆ ಬರಲಿಲ್ಲ. ಠಾಣೆಯಲ್ಲಿ ಬರೆಸಿದ ದೂರಿಗೆ ಇವತ್ತಿಗೂ ಉತ್ತರವಿಲ್ಲ. ‘ಕವಲುದಾರಿ’ಯನ್ನು ಅವರು ಮೂರು ಸಲ ನೋಡಿದ್ದಾರೆ.