ತಲೆಗೊಂದು ಚದರ ಸಾಕು, ಸ್ವಾಮೀ!

ಜಂಗಮಕೋಟೆ: ಮೊನ್ನೆ ಕ್ರಾಸ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪರಿಚಯದ ವ್ಯಾಪಾರಿಯೊಬ್ಬರು ಕೈಹಿಡಿದು ಎಳೆದರು. "ಬನ್ನಿ ಸಾರ್, ಹೊಸ ಆಫೀಸ್ ನೋಡಿ" ಅಂದರು.

ಒಳಗೆ ಹೋದರೆ ಆರು ಚದರದ ಹಾಲ್. ಒಂದು ಮೇಜು, ಒಂದು ಕಂಪ್ಯೂಟರ್. ಅವರೂ ಸೇರಿ ಕೂರುವವರು ಇಬ್ಬರೇ. ಉಳಿದ ಜಾಗದಲ್ಲಿ ಹುಡುಗರು ಕ್ರಿಕೆಟ್ ಆಡಬಹುದು!

"ಇಷ್ಟು ಜಾಗ ಯಾಕಣ್ಣಾ?" ಅಂದೆ.

"ನಾಳೆ ಫ್ಯಾಕ್ಟರಿ ಬರ್ತವಲ್ಲ ಸಾರ್!"

2024ರಿಂದೀಚೆಗೆ ಈ ಹೋಬಳಿಯಲ್ಲಿ ಇದೇ ಮಾತು. ಕೆಐಎಡಿಬಿ ಇಲ್ಲಿ 2,800 ಎಕರೆಗೂ ಹೆಚ್ಚು ಜಮೀನಿನಲ್ಲಿ ಕೈಗಾರಿಕಾ ಪ್ರದೇಶ ಮಾಡಲು ಹೊರಟಿತು. ಭೂಮಿ ಬಿಡೆವು ಎಂದು ರೈತರು ಬೀದಿಗಿಳಿದರು. ಕೊಡುತ್ತೇವೆ ಎಂದವರೂ ಇದ್ದಾರೆ. ಫ್ಯಾಕ್ಟರಿ ನಾಳೆಯ ಮಾತು, ಬಾಡಿಗೆ ಮಾತ್ರ ಈ ತಿಂಗಳಿನದು.

ಹಾಗಾದರೆ ಎಷ್ಟು ಜಾಗ ಬೇಕು? ಕಾರ್ಖಾನೆಗೆ ಕಾನೂನೇ ಒಂದು ಲೆಕ್ಕ ಹೇಳಿತ್ತು. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯಂತೆ ಒಬ್ಬ ಕೆಲಸಗಾರನಿಗೆ ಕನಿಷ್ಠ 14.2 ಘನ ಮೀಟರ್ ಜಾಗ ಇರಬೇಕಿತ್ತು. ಹತ್ತಡಿ ಎತ್ತರದ ಕೋಣೆಯಾದರೆ ಸುಮಾರು 50 ಚದರಡಿ ಆಯಿತು. ಆಫೀಸಿಗೆ ಆ ಕಾಯ್ದೆ ಇರಲಿಲ್ಲ. ಆದರೆ ಬೆಂಕಿ ಬಿದ್ದಾಗ ಜನ ಹೊರಗೋಡಲು ಬಾಗಿಲು, ಮೆಟ್ಟಿಲು ಎಷ್ಟಿರಬೇಕು ಎಂದು ನೋಡುವಾಗ ರಾಷ್ಟ್ರೀಯ ಕಟ್ಟಡ ಸಂಹಿತೆ ಆಫೀಸಿನಲ್ಲಿ ಒಬ್ಬರಿಗೆ 10 ಚದರ ಮೀಟರ್ ಹಿಡಿಯುತ್ತದೆ. ಅಂದರೆ ಸುಮಾರು 107 ಚದರಡಿ. ನೆನಪಿಗೆ ಸುಲಭ: ತಲೆಗೊಂದು ಚದರ!

ನಮ್ಮ ವ್ಯಾಪಾರಿಗೆ ಇಬ್ಬರಿಗೆ ಎರಡು ಚದರ, ಗಿರಾಕಿಗಳ ಬೆಂಚು, ಬೀರುವಿಗೆ ಇನ್ನೊಂದು. ಒಟ್ಟು ಮೂರು. ಮೂಟೆ, ಡಬ್ಬ ಇದ್ದರೆ ಅದರ ಲೆಕ್ಕ ಬೇರೆ. ಸರಕಿಗೆ ಹಿಂದುಗಡೆಯ ಅಗ್ಗದ ಗೋಡೌನ್ ಸಾಕು, ರಸ್ತೆ ಬದಿ ಮಳಿಗೆ ಬೇಡ.

ಚದರಡಿಗೆ 15 ರೂಪಾಯಿ ಬಾಡಿಗೆ ಅಂತಿಟ್ಟುಕೊಳ್ಳಿ. ಆರು ಚದರಕ್ಕೆ ತಿಂಗಳಿಗೆ 9,000, ಮೂರಕ್ಕೆ 4,500. ವರ್ಷಕ್ಕೆ 54,000 ರೂಪಾಯಿ ಖಾಲಿ ಗೋಡೆ ನೋಡಲು ಕೊಟ್ಟಂತೆ! ಹತ್ತು ತಿಂಗಳ ಅಡ್ವಾನ್ಸ್ ಕೇಳಿದರೆ 45,000 ಹೆಚ್ಚಿಗೆ ಮಾಲೀಕರ ಕೈಲಿ ಕೂರುತ್ತೆ. ಇನ್ನೊಂದು ಮಾತು: ಮಾಲೀಕರು ಹೇಳುವ ಅಳತೆಯಲ್ಲಿ ಗೋಡೆ, ಮೆಟ್ಟಿಲೂ ಸೇರಿರಬಹುದು. ಟೇಪು ಹಿಡಿದು ಒಳಗಿನ ಅಳತೆ ನೀವೇ ತೆಗೆಯಿರಿ.

ತೀರಾ ಕಡಿಮೆಯೂ ಬೇಡ. ಗಿರಾಕಿ ಬಿಸಿಲಲ್ಲಿ ನಿಂತರೆ ಪಕ್ಕದ ಅಂಗಡಿಗೆ ಹೋಗ್ತಾನೆ.

ಶಿಡ್ಲಘಟ್ಟ ತಾಲ್ಲೂಕಿನವರಿಗೆ ಇದನ್ನೆಲ್ಲ ಹೇಳಿಕೊಡಬೇಕೇ? ರೇಷ್ಮೆ ಸಾಕುವ ಯಾವ ಅಮ್ಮನನ್ನಾದರೂ ಕೇಳಿ. ಚಾಕಿ ಹುಳ ತಟ್ಟೆಯಲ್ಲೇ ಇರುತ್ತೆ. ನಾಲ್ಕನೇ ಜ್ವರ ಎದ್ದ ಮೇಲೆ ಮನೆ ತುಂಬಾ ಹುಳ. ಹಾಗಂತ ಮೊದಲ ದಿನವೇ ಯಾರೂ ಮನೆಯಗಲ ಸೊಪ್ಪು ಹಾಸೋಲ್ಲ. ಆದರೆ ಕೊನೆಗೆ ಜಾಗ ಎಲ್ಲಿ ಅಂತ ಮೊಟ್ಟೆ ತರುವಾಗಲೇ ನೋಡಿಕೊಂಡಿರ್ತಾರೆ.

ವ್ಯಾಪಾರಕ್ಕೂ ಅದೇ ನ್ಯಾಯ. ಇವತ್ತಿಗೆ ಮೂರು ಚದರ ಹಿಡಿಯಿರಿ. ಪಕ್ಕದ ಕೋಣೆ ಖಾಲಿಯಾದರೆ ಮೊದಲು ನಮಗೇ ಕೊಡಬೇಕು ಅಂತ ಕರಾರಿನಲ್ಲಿ ಒಂದು ಸಾಲು ಬರೆಸಿ. ಆ ಸಾಲಿಗೆ ಬಾಡಿಗೆ ಇಲ್ಲ!

ಅಷ್ಟರಲ್ಲಿ ನನ್ನ ಬಸ್ಸು ಬಂತು. ಹತ್ತಿದ ಮೇಲೆ ತಿರುಗಿ ನೋಡಿದೆ. ನಮ್ಮ ವ್ಯಾಪಾರಿ ಹಾಲ್‌ನ ನಡುವೆ ನಿಂತು ಹೆಜ್ಜೆ ಎಣಿಸುತ್ತಿದ್ದರು.